ಶಾಲೆಯಿಂದ ಒಂಬೈನೂರ ನಲವತ್ತು ಅಡಿ

೧. ಎಲ್ಲಿಂದ ಶುರು ಮಾಡಲಿ? ಪೊಲೀಸರು ಬಾಗಿಲು ಒಡೆದದ್ದರಿಂದ ಶುರು ಮಾಡಿದರೆ ಒಡೆಸ್ಸಾ ಪೆಟ್‌ವೇಯನ್ನು ನೀವು ಅಪರಾಧಿಯೆಂದೇ ಓದುತ್ತೀರಿ. ಅವಳ ಆರು ವರ್ಷದ ಮಗಳಿಂದಾದರೆ ಕಣ್ಣೊರೆಸಿಕೊಂಡು ಪುಟ ತಿರುಗಿಸುತ್ತೀರಿ. ಎರಡೂ ಬೇಡ. ಅಳತೆಯಿಂದ ಶುರು ಮಾಡುತ್ತೇನೆ.

೨. ಅಮೆರಿಕದ ನಮ್ಮ ರಾಜ್ಯದಲ್ಲಿ ಶಾಲೆಯಿಂದ ಸಾವಿರ ಅಡಿಯೊಳಗೆ ಕೊಕೇನ್ ಮಾರಿದರೆ ಶಿಕ್ಷೆಗೆ ಎಂಟು ವರ್ಷ ಸೇರುತ್ತದೆ. ಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಒಡೆಸ್ಸಾ ಒಮ್ಮೆ, ಒಂದೇ ಒಮ್ಮೆ, ತಮ್ಮನ ಪೊಟ್ಟಣವನ್ನು ತನ್ನ ಬಾಗಿಲಲ್ಲಿ ಗಿರಾಕಿಗೆ ದಾಟಿಸಿದಳು. (ಗಿರಾಕಿಯೇ ಪೊಲೀಸ್. ಹಳಸಲು ತಿರುವು, ಗೊತ್ತು. ಅವರಿಗೆ ಬೇರೆ ಬರುವುದಿಲ್ಲ.) ನಕ್ಷೆಯ ಮೇಲೆ ಗೆರೆ ಎಳೆದರು: ಒಂಬೈನೂರ ನಲವತ್ತು. ನಡೆದರೆ ರೈಲುಹಳಿ ಸುತ್ತಿಹೋಗಿ ಅರ್ಧ ಮೈಲಿ. ಗೆರೆ ನಡೆಯುವುದಿಲ್ಲವಲ್ಲ.

೩. ಮೊದಲ ಕರಡು ಹರಿದೆ. ಎರಡನೆಯದರಲ್ಲಿ ಅವಳ ಮನೆಯನ್ನು ನಾಲ್ಕು ಬೀದಿ ಆಚೆ ಇಟ್ಟೆ. ಅಲ್ಲೊಂದು ಶಾಲೆ. ಇನ್ನೂ ಆಚೆ ತಳ್ಳಿದೆ. ಮತ್ತೊಂದು. ನಾವು ಕಪ್ಪು ಜನ ಒತ್ತೊತ್ತಾಗಿ ಬದುಕುವ ಈ ಭಾಗದಲ್ಲಿ ಸಾವಿರ ಅಡಿಯ ಹೊರಗೆ ಉಳಿದಿರುವುದು ನದಿಯೊಂದೇ.

೪. ಊರಾಚೆಯ ಕರ್ಸ್ಟಿನ್ ಬಿಳಿಯಳು. ಅದೇ ತಿಂಗಳು, ಅದೇ ತೂಕದ ಪೊಟ್ಟಣ. ಅವಳ ಅಂಗಳದ ಹುಲ್ಲೇ ಸಾವಿರ ಅಡಿ. (ಉತ್ಪ್ರೇಕ್ಷೆ. ಸಿಟ್ಟು ಬಂದಾಗ ಹೀಗಾಗುತ್ತದೆ.) ಅವಳಿಗೆ ಹದಿನೆಂಟು ತಿಂಗಳ ಜೈಲು, ಅಷ್ಟೇ. ಕಾನೂನಿನಲ್ಲಿ ಬಣ್ಣದ ಮಾತೇ ಇಲ್ಲ ಅನ್ನುತ್ತಾರೆ. ನಿಜ. ನಕ್ಷೆಯೇ ಆ ಕೆಲಸ ಮಾಡುವಾಗ ಮಾತೇಕೆ?

೫. ಹಾಗಾದರೆ ಕಥೆಯಿಂದ ಶಾಲೆಯನ್ನೇ ಅಳಿಸಿಬಿಡುತ್ತೇನೆ ಎಂದೆ. ಒಡೆಸ್ಸಾ ಸಿಡಿದಳು.

"ತಲೆ ಕೆಟ್ಟಿದ್ಯೇನೇ? ಶಾಲೆ ಹತ್ರ ಅಂತ್ಲೇ ಆ ದರಿದ್ರದ ಮನೆ ಹಿಡಿದಿದ್ದು. ಅಡುಗೆಮನೆ ಕಿಟಕೀಲಿ ನಿಂತ್ರೆ ಮಗು ಆಡೋದು ಕಾಣ್ಸುತ್ತೆ. ಅಳಿಸೋದಾದ್ರೆ ಕಾನೂನು ಅಳ್ಸು."

ಅದು ನನ್ನ ಕೈಯಲ್ಲಿಲ್ಲ ಎಂದೆ.

"ಮತ್ತೆ ಯಾವ ಸೀಮೆ ಕಥೆಗಾರ್ತಿ ನೀನು."

ನನ್ನ ಇಬ್ಬರು ಮಕ್ಕಳೂ ಅದೇ ಶಾಲೆ. ನಾನೂ ಹತ್ತಿರವಾಗಲಿ ಎಂದೇ ಮನೆ ಹಿಡಿದವಳು.

೬. ಅಂತ್ಯಗಳು.

(ಅ) ನ್ಯಾಯಾಧೀಶರು ವಿಷಾದಿಸುತ್ತಾ ಎಂಟು ವರ್ಷ ಸೇರಿಸುತ್ತಾರೆ. ಅವಳು ಹೊರಬರುವಾಗ ಮಗಳಿಗೆ ಕಡಿಮೆಯೆಂದರೂ ಹದಿನಾಲ್ಕು.

(ಆ) ಮನಸ್ಸು ಕರಗಿ ಬಿಟ್ಟುಬಿಡುತ್ತಾರೆ. (ಸುಳ್ಳು. ಹೊಡೆದುಹಾಕಿದೆ.)

(ಇ) ಹೇಳುವುದೇನಾದರೂ ಇದೆಯೇ ಎಂದು ಕೇಳುತ್ತಾರೆ. ಒಡೆಸ್ಸಾ ಏಳುತ್ತಾಳೆ.

"ಸ್ವಾಮಿ, ನನ್ನಂಥೋಳಿಗೆ ಬಾಡಿಗೆಗೆ ಸಿಗೋ ಒಂದು ಮನೆ, ಆ ಗೆರೆ ಆಚೆ, ಈ ಊರಲ್ಲಿ ತೋರ್ಸಿ."

ಇಲ್ಲಿ 'ಕುಳಿತುಕೊಳ್ಳಿ' ಎಂಬ ಮಾತನ್ನು ಅವರ ಬಾಯಲ್ಲಿ ಬರೆದಿದ್ದೆ. ತೆಗೆದಿದ್ದೇನೆ. ಅವರ ಉತ್ತರವನ್ನು ನಾನು ಬರೆದುಕೊಡುವುದಿಲ್ಲ, ತೀರ್ಪನ್ನೂ. ಅವರೇ ಹುಡುಕಲಿ.

ಅವಳು ನಿಂತಿದ್ದಾಳೆ.