ನಾಲ್ಕನೇ ರೇಸಿನ ಟೆಲಿಗ್ರಾಂ

ಗುತ್ಯಪ್ಪ ಸೊರಬದ ಕಡೆಯವನು, ಗುಡವಿ ಹತ್ತಿರದವನು. ಶಿಕಾರಿಪುರಕ್ಕೆ ಬಂದದ್ದು ಕೆಲಸ ಹುಡುಕಿಕೊಂಡು, ಸಿಕ್ಕಿದ್ದು ಜಪಾನಿ. ನಗಬೇಡಿ, ನಿಜವೇ ಹೇಳ್ತಿರೋದು. ಎಪ್ಪತ್ಮೂರರಲ್ಲಿ ಸರ್ಕಾರದವರು ಭತ್ತದ ಹೊಸ ಬೇಸಾಯ ಕಲಿಸಲಿ ಅಂತ ಮಿಯಾಹಾರ ಅನ್ನೋ ಜಪಾನಿ ಸಾಹೇಬರನ್ನು ಕರೆಸಿ, ಶಿಕಾರಿಪುರದಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಟ್ಟರು. ಜೊತೆಗೆ ಹಿಂದಿನಿಂದ ಹಿಡಿದು ನಡೆಸುವ ಒಂದು ಟಿಲ್ಲರ್. ಟಿಲ್ಲರ್ ಓಡಿಸುವವನು ಗುತ್ಯಪ್ಪ, ಸಾಹೇಬರಿಗೆ ಅಡಿಗೆ ಮಾಡುವವಳು ಅವನ ಹೆಂಡತಿ ಹೂವಮ್ಮ. ಎರಡು ವರ್ಷದಲ್ಲಿ ಸಾಹೇಬರು ಗುತ್ಯಪ್ಪನಿಂದ ಕನ್ನಡ ಕಲಿತರು, ಗುತ್ಯಪ್ಪ ಸಾಹೇಬರಿಂದ ರೇಸು ಕಲಿತ.

ಯಾವ ರೇಸು ಅಂತೀರಿ? ಕುದುರೆಯದಲ್ಲ, ಕಾರಿನದು. ಸಾಹೇಬರಿಗೆ ಹೆಂಡತಿ ತೀರಿಹೋಗಿ ಬಹಳ ವರ್ಷ. ಊರಲ್ಲಿ ಒಬ್ಬ ಮಗಳು, ಅವಳ ಕೆಳಗೆ ಒಬ್ಬ ಮಗ, ಶಿಗೆರು. ಇಪ್ಪತ್ತಾರು ವರ್ಷದ ಈ ಶಿಗೆರು ಮಡ್‌ಗಾರ್ಡಿಲ್ಲದ, ತಲೆ ಮೇಲೆ ಸೂರಿಲ್ಲದ ಕಾರಿನಲ್ಲಿ ಒಬ್ಬನೇ ಅಂಗಾತ ಬಿದ್ದುಕೊಂಡ ಹಾಗೆ ಕೂತು ಓಡಿಸುತ್ತಿದ್ದ. ನಾಲ್ಕೂ ಚಕ್ರ ಬಯಲಿಗೆ. ಫೋಟೋ ನೋಡಿ ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನ ನಜೀರ್ ಸಾಬ್ರು, "ಅರೆ, ಇದಕ್ಕಿನ್ನೂ ಬಾಡಿ ಕಟ್ಟೋದು ಬಾಕಿ ಐತಲ್ರೀ ಸಾಹೇಬ್ರೆ! ಕಳಿಸಿಕೊಡ್ರಿ, ನಾನು ತಗಡು ಬಡಿದು ಕೊಡ್ತೀನಿ" ಅಂದಿದ್ದರು. ಸಾಹೇಬರು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ದರು.

ಮೊದಲೆಲ್ಲ ಆ ಮನುಷ್ಯ ಮಗನ ಮಾತೆತ್ತಿದರೆ ಮುಖ ಗಂಟು ಹಾಕುತ್ತಿದ್ದರು. ಗದ್ದೆ ಬಿಟ್ಟು ಚಕ್ರದ ಹಿಂದೆ ಹೋದ ಅಂತ ಜಗಳವಾಡಿ, ನಾಲ್ಕು ವರ್ಷ ಮಗನ ಜೊತೆ ಮಾತು ಬಿಟ್ಟಿದ್ದರಂತೆ. ಎಪ್ಪತ್ತೈದರ ಮಾರ್ಚಿನಲ್ಲಿ ಮಗನೇ ಸೋತು ಒಂದು ಪತ್ರ ಬರೆದ. ಈ ವರ್ಷ ಐದು ರೇಸು, ಎಲ್ಲ ಸೇರಿಸಿ ಯಾರಿಗೆ ಹೆಚ್ಚು ಪಾಯಿಂಟೋ ಅವನೇ ಜಪಾನಿಗೆ ಚಾಂಪಿಯನ್, ಕೊನೇದು ನವೆಂಬರಿನಲ್ಲಿ, ಅದಕ್ಕಾದರೂ ಬಂದು ನೋಡಪ್ಪ ಅಂತ. ಸಾಹೇಬರು ಆ ಪತ್ರ ಹಿಡಿದು ಒಂದು ಇಡೀ ಮಧ್ಯಾಹ್ನ ಟಿಲ್ಲರ್ ಶೆಡ್ಡಿನಲ್ಲಿ ಕೂತಿದ್ದರು. ಆಮೇಲೆ ಎದ್ದು ಹೋಗಿ ನವೆಂಬರಿಗೆ ರಜೆ ಬರೆದು ಹಾಕಿದರು. ಮಗನ ರೇಸನ್ನು ಅವರು ಒಂದೇ ಒಂದು ಸಲವೂ ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ರೇಸು ಮುಗಿದು ಹದಿನೈದು ಇಪ್ಪತ್ತು ದಿನಕ್ಕೆ ಪತ್ರ ಬರೋದು. ಅಷ್ಟು ದಿನ ಸಾಹೇಬರು, ಗುತ್ಯಪ್ಪ, ನಜೀರ್ ಸಾಬ್ರು ಮೂವರಿಗೂ ತಳಮಳ. ಪತ್ರ ಬಂದ ಸಂಜೆ ನಜೀರ್ ಸಾಬ್ರ ಗ್ಯಾರೇಜಿನಲ್ಲಿ ಚಹಾ, ಮಿರ್ಚಿ, ಸಾಹೇಬರು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ಓದೋದು. ಮೊದಲ ರೇಸಿನಲ್ಲಿ ಶಿಗೆರು ಮೂರನೆಯವನು, ಹನ್ನೆರಡು ಪಾಯಿಂಟು. ಎರಡನೆಯದರಲ್ಲಿ ಇಂಜಿನ್ ಸುಟ್ಟು ಸೊನ್ನೆ. ಅವತ್ತು ಗುತ್ಯಪ್ಪ ಮನೆಗೆ ಬಂದು ಹೂವಮ್ಮನ ಮೇಲೆ ವಿನಾಕಾರಣ ರೇಗಿದ್ದ. ಮೂರನೆಯದರಲ್ಲಿ, ಕೇಳಿ, ಮೊದಲನೆಯವನಾಗಿ ಬಂದ! ಇಪ್ಪತ್ತು ಪಾಯಿಂಟು! ನಜೀರ್ ಸಾಬ್ರು ಬಸ್‌ಸ್ಟ್ಯಾಂಡಿನವರಿಗೆಲ್ಲ ಪೇಡೆ ಹಂಚಿದರು. ಯಾರು ಗೆದ್ದದ್ದು ಅಂತ ಕೇಳಿದವರಿಗೆ "ನಮ್ಮ ಹುಡುಗ" ಅಂದರು. ಮುಂದಿದ್ದವನಿಗೆ ನಲವತ್ತು, ಇವನಿಗೆ ಮೂವತ್ತೆರಡು. ಉಳಿದ ಎರಡೂ ಗೆದ್ದರೆ ಆಯಿತಲ್ಲ!

ನಾಲ್ಕನೇ ರೇಸು ಆಗಸ್ಟಿನ ಒಂದು ಭಾನುವಾರ. ಅದರ ಪತ್ರ ಇಷ್ಟು ಬೇಗ ಬರೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಬಂದದ್ದು ಟೆಲಿಗ್ರಾಂ. ಮರುದಿನವೇ, ಸೋಮವಾರ ಸಂಜೆ ಐದಕ್ಕೆ. ಸಾಹೇಬರು ತಾಳಗುಂದದ ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಗುತ್ಯಪ್ಪ ಸಹಿ ಹಾಕಿ ತೆಗೆದುಕೊಂಡ. ಇಂಗ್ಲಿಷು ಬಾರದು, ನೇರ ನಜೀರ್ ಸಾಬ್ರ ಹತ್ತಿರ ಓಡಿದ.

ನಜೀರ್ ಸಾಬ್ರು ಕೈ ಒರೆಸಿಕೊಂಡು ಬಿಡಿಸಿ ಓದಿದರು.

"ಏನ್ರಿ ಸಾಬ್ರೆ?"

"ಹುಡುಗನ ಅಕ್ಕ ಕೊಟ್ಟಿರೋದು. ಶಿಗೆರುಗೆ ಆಕ್ಸಿಡೆಂಟ್. ಸೀರಿಯಸ್. ಕೂಡಲೇ ಹೊರಡಿ ಅಂತ."

ಗುತ್ಯಪ್ಪ ಅಲ್ಲೇ ಟಯರ್ ರಾಶಿಯ ಮೇಲೆ ಕುಸಿದ. "ಹೋದ್ನಾ!" ಅಂದ.

ನಜೀರ್ ಸಾಬ್ರೂ ಇಲ್ಲ ಅನ್ನಲಿಲ್ಲ. "ಯಾ ಅಲ್ಲಾ, ಎಂಥ ಹುಡುಗ" ಅಂತ ಕಣ್ಣೊರೆಸಿಕೊಂಡರು.

ನಮ್ಮ ಕಡೆ ಟೆಲಿಗ್ರಾಂ ಕೊಡುವಾಗ ಸತ್ತ ಅಂತ ಯಾರೂ ಬರೆಸೋದಿಲ್ಲ. ಹೋದ ಜೀವ ಹೋಗಿರುತ್ತದೆ, ಹೊರಟು ಬರುವವರು ದಾರಿಯಲ್ಲೇ ಎದೆ ಒಡೆದುಕೊಳ್ಳಬಾರದು ಅಂತ ಸೀರಿಯಸ್ ಅಂತಲೇ ಬರೆಸುತ್ತಾರೆ. ಕೊಡುವವರಿಗೂ ಗೊತ್ತು, ಓದುವವರಿಗೂ ಗೊತ್ತು. ಗೊತ್ತಿಲ್ಲದೆ ಸುಟ್ಟುಕೊಂಡವನು ಗುತ್ಯಪ್ಪ ಒಬ್ಬನೇ. ಆರು ವರ್ಷದ ಹಿಂದೆ ದಾವಣಗೆರೆ ಮಿಲ್ಲಿನಲ್ಲಿದ್ದ ಅವನ ಅಣ್ಣನಿಗೆ ಸೀರಿಯಸ್ ಅಂತ ಬಂದಾಗ ಅದನ್ನು ನಂಬಿದ್ದ. ಹಸಿದ ಹೊಟ್ಟೆಯಲ್ಲಿ ಮೂರು ಬಸ್ಸು ಬದಲಿಸಿ, ದಾರಿಯುದ್ದ ಗುತ್ಯಮ್ಮ ದೇವಿಗೆ ಹರಕೆ ಹೊತ್ತುಕೊಂಡು ಹೋಗಿ ಇಳಿದರೆ, ಅಣ್ಣನನ್ನು ಮಣ್ಣು ಮಾಡಿ ಒಂದು ದಿನ ಆಗಿತ್ತು. ಸಾವಿಗಿಂತ ಆ ದಾರಿಯ ಆಸೆ ಅವನನ್ನು ಹೆಚ್ಚು ಕೊಂದಿತ್ತು. ಬೇರೆ ಯಾರಿಗೂ ಅಂಥ ದಾರಿ ಬರಬಾರದು ಅಂತ ಅವತ್ತೇ ಅಂದುಕೊಂಡಿದ್ದ.

"ಈಗ ಹೇಳೋದು ಬ್ಯಾಡ್ರಿ" ಅಂದ ಗುತ್ಯಪ್ಪ. "ಜಪಾನಿನ ಸುದ್ದಿ ಇಲ್ಲಿಗೆ ಬರೋ ಹೊತ್ತಿಗೆ ಯಾವತ್ತೂ ಹಳೇದೇ. ಎಷ್ಟು ಓಡಿದ್ರೂ ಸಾಹೇಬ್ರಿಗೆ ಮಗನ ಮುಖ ಸಿಗಾಕಿಲ್ಲ. ಗುರುವಾರ ತಾಳಗುಂದದಾಗೆ ನಾಟಿ ತೋರಿಸೋದೈತೆ, ಎರಡು ವರ್ಷದ ಕಷ್ಟ ಅವ್ರದ್ದು. ಅದೊಂದು ಮುಗೀಲಿ, ನಾಲ್ಕು ತುತ್ತು ನೆಮ್ಮದಿಯಾಗಿ ಉಣ್ಣಲಿ. ಆಮೇಲೆ ನಾನೇ ಹೇಳ್ತೀನಿ."

ನಜೀರ್ ಸಾಬ್ರು ಟೆಲಿಗ್ರಾಂ ಮಡಿಚಿ ಅವನ ಕೈಗೆ ಕೊಟ್ಟು, "ನಿಂಗೆ ಹೆಂಗೆ ತೋಚುತ್ತೋ ಹಂಗೆ ಮಾಡು" ಅಂದುಬಿಟ್ಟರು.

ಮನೆಗೆ ಬಂದು ಹೂವಮ್ಮನ ಕಿವಿಯಲ್ಲಿ ಹೇಳಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ, "ಅಲ್ಲ, ಅವ್ರ ದೇಶದಾಗೂ ನಮ್ಮ ಹಂಗೇ ಬರೆಸ್ತಾರೇನು? ಒಂದು ವ್ಯಾಳೆ ಜೀವ ಇದ್ರೆ?" ಅಂದಳು.

"ಸುಮ್ನಿರೆ! ನಿಂಗೊಬ್ಳಿಗೇ ಬುದ್ಧಿ ಇರೋದು!" ಅಂತ ಗದರಿದ ಗುತ್ಯಪ್ಪ. ಆ ಗದರಿಕೆಯ ಪಾಪವನ್ನು ಅವನು ಈಗಲೂ ಉಣ್ಣುತ್ತಿದ್ದಾನೆ.

ಸೋಮವಾರ ರಾತ್ರಿ ಸಾಹೇಬರು ಅನ್ನ, ಬಸಳೆ ಸಾರು ಉಂಡರು. ಮಂಗಳವಾರ, ಬುಧವಾರ ಸಾಹೇಬರು, ಗುತ್ಯಪ್ಪ, ಹೂವಮ್ಮ ಮೂವರೂ ಗದ್ದೆಯಲ್ಲೇ. ಸಾಹೇಬರು ಮೊಣಕಾಲವರೆಗೆ ಕೆಸರಲ್ಲಿ ನಿಂತು ಹಗ್ಗ ಹಿಡಿದು ಸಾಲು ನೋಡುತ್ತಿದ್ದರು. ನಡುನಡುವೆ, "ಗುತ್ಯಪ್ಪ, ನಾಲ್ಕು ಮುಗಿದಿದೆ. ಶಿಗೆರು ಎಷ್ಟು? ಒಂದಾ, ಎರಡಾ?" ಅಂತ ಬೆರಳು ತೋರಿಸಿ ಕೇಳುತ್ತಿದ್ದರು. ಗುತ್ಯಪ್ಪ "ಒಂದೇ ಬಿಡ್ರಿ ಸಾಹೇಬ್ರೆ" ಅಂದು ಟಿಲ್ಲರಿನ ಸದ್ದು ಜೋರು ಮಾಡುತ್ತಿದ್ದ.

ಗುರುವಾರ ನಾಟಿ ಅದ್ಭುತವಾಗಿ ಆಯಿತು. ಬಳ್ಳಿಗಾವಿಯಿಂದ, ಆ ಕಡೆ ಸೊರಬದ ಊರುಗಳಿಂದ ರೈತರು ಬಂದಿದ್ದರು. ಜಪಾನಿ ಪದ್ಧತಿ ಅಂದರೆ ಮೂಗು ಮುರಿಯುತ್ತಿದ್ದ ಮಂಜಪ್ಪ ಗೌಡರೇ ಮುಂದೆ ಬಂದು ಸಾಹೇಬರಿಗೆ ಹಾರ ಹಾಕಿದರು. ಊಟಕ್ಕೆ ಹೋಳಿಗೆ. ಸಾಹೇಬರು ಐದು ಹೋಳಿಗೆ ತಿಂದು, ಹೂವಮ್ಮ ಆರನೆಯದು ಹಾಕಲು ಬಂದಾಗ ಎಲೆಯ ಮೇಲೆ ಅಡ್ಡ ಮಲಗಿದ ಹಾಗೆ ಮಾಡಿ ಎಲ್ಲರನ್ನೂ ನಗಿಸಿದರು. ಅಷ್ಟು ನಕ್ಕದ್ದನ್ನು ಗುತ್ಯಪ್ಪ ಯಾವತ್ತೂ ನೋಡಿರಲಿಲ್ಲ. ಉಂಡು ಕೈ ತೊಳೆದ ಮೇಲೆ ಹೇಳಬೇಕು ಅಂತ ಹತ್ತಿರ ಹೋದ. ಸಾಹೇಬರು ಹಾರವನ್ನು ಜೋಪಾನವಾಗಿ ಮಡಿಚುತ್ತಾ, "ಇದು ಶಿಗೆರುಗೆ. ಒಣಗಿದರೂ ಪರವಾಗಿಲ್ಲ, ನವೆಂಬರ್ ತಗೊಂಡು ಹೋಗ್ತೀನಿ" ಅಂದರು. ಗುತ್ಯಪ್ಪ ನಾಳೆ ಹೇಳೋಣ ಅಂತ ವಾಪಸು ಬಂದ.

ಶುಕ್ರವಾರ ಮಧ್ಯಾಹ್ನ ಎರಡನೇ ಟೆಲಿಗ್ರಾಂ ಬಂತು. ಈ ಸಲ ಸಾಹೇಬರೇ ಬಾಗಿಲಲ್ಲಿದ್ದರು. ಒಡೆದು ಓದಿದರು. ಗೋಡೆಗೆ ಒಂದು ಕೈ ಕೊಟ್ಟು ನಿಂತುಕೊಂಡು ಮತ್ತೊಮ್ಮೆ ಓದಿದರು.

"ಗುತ್ಯಪ್ಪ. ಶಿಗೆರು ನಿನ್ನೆ ರಾತ್ರಿ ಸತ್ತ." ಒಂದೊಂದೇ ಮಾತು ಕಿತ್ತು ತೆಗೆದ ಹಾಗೆ ಹೇಳಿದರು. "ಐದು ದಿನ ಆಸ್ಪತ್ರೆ. ಅಪ್ಪ ಎಲ್ಲಿ, ಅಪ್ಪ ಎಲ್ಲಿ, ಕೇಳಿದನಂತೆ. ಮೊದಲ ಟೆಲಿಗ್ರಾಂ ಸಿಗಲಿಲ್ಲವಾ, ಅಂತ ಮಗಳು ಕೇಳಿದ್ದಾಳೆ. ಯಾವ ಮೊದಲ ಟೆಲಿಗ್ರಾಂ?"

ನಿನ್ನೆ ರಾತ್ರಿ! ಗುತ್ಯಪ್ಪನಿಗೆ ನೆಲವೇ ಬಾಯಿ ಬಿಟ್ಟಂತಾಯಿತು. ಗೊತ್ತಿಲ್ಲ ಅಂದುಬಿಡಬಹುದಿತ್ತು, ಎಲ್ಲೋ ದಾರಿಯಲ್ಲಿ ಕಳೆದಿರಬೇಕು ಅನ್ನಬಹುದಿತ್ತು, ಯಾರು ಕೇಳುತ್ತಿದ್ದರು? ಆದರೆ ಆ ಮುಖದೆದುರು ಸುಳ್ಳು ಬಾಯಿಗೆ ಬರಲಿಲ್ಲ. ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಟೆಲಿಗ್ರಾಂ ತಂದು ಎರಡೂ ಕೈಯಲ್ಲಿ ಕೊಟ್ಟ. ಕೊಟ್ಟು ಕಾಲಿಗೆ ಬಿದ್ದ.

"ನಮ್ಮಾಗೆ ಸತ್ತೋರಿಗೆ ಹಿಂಗೇ ಬರೆಸ್ತಾರೆ ಸಾಹೇಬ್ರೆ. ಸತ್ತೇಹೋದ ಅಂದ್ಕಂಡೆ. ನೀವು ಉಪವಾಸ ಹೊರಡ್ತೀರಿ, ನಾಟಿ ಕೆಡ್ತದೆ, ಹೋದ್ರೂ ಮುಖ ಸಿಗಾಕಿಲ್ಲ ಅಂದ್ಕಂಡೆ. ಒಂದೆರಡು ದಿನ ನಗನಗ್ತಾ ಇರ್ಲಿ ಅಂತ... ನನ್ನ ಕೈ ಸೇದಿಹೋಗ!"

ಸಾಹೇಬರು ಅವನನ್ನು ಎತ್ತಲಿಲ್ಲ, ಒದೆಯಲೂ ಇಲ್ಲ. ಮೊದಲ ಟೆಲಿಗ್ರಾಂನ ತಾರೀಖನ್ನು ನೋಡಿದರು. ಆಮೇಲೆ ಬೆರಳು ಮಡಿಚಿ ಎಣಿಸತೊಡಗಿದರು.

"ಸೋಮವಾರ ರಾತ್ರಿ ಬಸ್ಸು. ಮಂಗಳವಾರ ಬೆಂಗಳೂರು, ಬೊಂಬಾಯಿ. ಬುಧವಾರ ವಿಮಾನ. ಗುರುವಾರ ಬೆಳಿಗ್ಗೆ ನಾನು ಅಲ್ಲಿ." ಅಲ್ಲಿಗೆ ನಿಲ್ಲಿಸಿ ಮತ್ತೆ ಮೊದಲಿನಿಂದ ಎಣಿಸಿದರು. ಮೂರನೇ ಸಲವೂ ಎಣಿಸಿದರು. ಪ್ರತಿ ಸಲವೂ ಗುರುವಾರ ಬೆಳಿಗ್ಗೆಯೇ ಬರುತ್ತಿತ್ತು. "ನಿನ್ನೆ ಮಧ್ಯಾಹ್ನ ಅವನು ಕರೀತಿದ್ದ. ಆಗ ನಾನು ನಗ್ತಿದ್ದೆ. ಅಲ್ವಾ ಗುತ್ಯಪ್ಪ? ಐದು ಹೋಳಿಗೆ ತಿಂದೆ."

ಅಡಿಗೆಮನೆಯಲ್ಲಿ ಹೂವಮ್ಮ ಜೋರಾಗಿ ಅತ್ತಳು. ಸಾಹೇಬರ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ.

ಅದೇ ಸಂಜೆ ಐದೂವರೆಯ ಶಿವಮೊಗ್ಗ ಬಸ್ಸಿಗೆ ಹೊರಟರು. ಗುತ್ಯಪ್ಪ ಟ್ರಂಕಿಗೆ ಕೈ ಹಾಕಿದರೆ, ಬೇಡ ಅಂತ ತಲೆಯಾಡಿಸಿ ತಾವೇ ಹೊತ್ತುಕೊಂಡರು. ನಜೀರ್ ಸಾಬ್ರು ಗ್ಯಾರೇಜಿನಿಂದ ಬಂದವರು ದೂರವೇ ನಿಂತರು. ಗುತ್ಯಪ್ಪ ಮಾತ್ರ ಮಾನ ಮರ್ಯಾದೆ ಬಿಟ್ಟು ಬಸ್ಸಿನ ಕಿಟಕಿಗೆ ಜೋತುಬಿದ್ದ.

"ಬೈರಿ ಸಾಹೇಬ್ರೆ. ಕೆನ್ನೆಗೆ ಹೊಡೀರಿ. ಮನೆಹಾಳ ಅನ್ರಿ. ಹಿಂಗೆ ಸುಮ್ನೆ ಹೋಗಬ್ಯಾಡ್ರಿ."

ಮಿಯಾಹಾರ ಸಾಹೇಬರು ಕಿಟಕಿಯ ಕಡೆ ಬಗ್ಗಿದರು. ಗುತ್ಯಪ್ಪ ಕಲಿಸಿದ ಕನ್ನಡದಲ್ಲೇ, ತಪ್ಪಾಗಬಾರದು ಅನ್ನುವ ಹಾಗೆ ನಿಧಾನವಾಗಿ ಹೇಳಿದರು.

"ನೀನು ಒಳ್ಳೆಯವನು. ನನಗೆ ಒಳ್ಳೆಯದು ಮಾಡಿದೆ, ಅದು ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಬೇಕು. ಮನೆಯಿಂದ ಇಲ್ಲಿವರೆಗೂ ಪ್ರಯತ್ನ ಮಾಡ್ತಾ ಇದೀನಿ ಗುತ್ಯಪ್ಪ. ಬರ್ತಾ ಇಲ್ಲ."

ಕಂಡಕ್ಟರ್ ಸೀಟಿ ಊದಿದ. ಗುತ್ಯಪ್ಪ ಕಿಟಕಿ ಬಿಡದೆ ಹತ್ತು ಹೆಜ್ಜೆ ಓಡಿದ, ಆಮೇಲೆ ಕೈ ತಾನಾಗಿ ಜಾರಿತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ರಸ್ತೆಯ ಮಧ್ಯದಲ್ಲೇ ನಿಂತಿದ್ದ. ಹಿಂದಿನಿಂದ ಬಂದ ಎತ್ತಿನಗಾಡಿಯವನು "ದಾರಿ ಬಿಡೋ, ಕಣ್ಣು ಕಾಣ್ಸಲ್ವೇನೋ" ಅಂತ ಬಾಯಿಗೆ ಬಂದ ಹಾಗೆ ಬೈದ. ಗುತ್ಯಪ್ಪ ಅವನತ್ತ ತಿರುಗಿ ಕೈ ಮುಗಿದು, "ಇನ್ನೂ ಬೈಯಪ್ಪ" ಅಂದ.