ಮುಖಪುಟದ ಮೇಲಿನ ಸ್ಟ್ರೆಚರ್

ಸೈನ್ಯದ ಬ್ಯಾಂಡಿಗೆ ನೂರು ವರ್ಷ ತುಂಬಿತಂತೆ. ತುಂಬಲಿ, ಯಾರು ಬೇಡ ಅಂದರು? ಅದರ ಚರಿತ್ರೆ ಬರೆದು ದಪ್ಪ ಪುಸ್ತಕ ಮಾಡ್ತಾರಂತೆ, ಮಾಡಲಿ. ಆದರೆ ಮುಖಪುಟಕ್ಕೆ ನನ್ನ ಗಂಡ ಸಾಯ್ತಾ ಇರೋ ಫೋಟೋನೇ ಬೇಕಾಯ್ತಾ ಇವರಿಗೆ?

ಆ ಫೋಟೋ ಹಿಡಕೊಂಡು ಮನೆಗೆ ಬಂದವನು ಡಬ್ಬಣ್ಣ. ದೊಡ್ಡ ಡ್ರಮ್ಮು ಬಾರಿಸುತ್ತಿದ್ದನಲ್ಲ, ಅದಕ್ಕೆ ನಮ್ಮವರು ಇಟ್ಟ ಹೆಸರು. ನಮ್ಮವರದು ಟ್ರಂಪೆಟ್ಟು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಈಗ ಡಬ್ಬಣ್ಣನೇ ಬ್ಯಾಂಡ್‌ಮಾಸ್ಟರು. ನಾನು ಸೈನ್ಯದ ಹೊಲಿಗೆ ವಿಭಾಗದಲ್ಲಿ ಕೂತು ಅವನ ಕೋಟಿಗೆ ಜರಿಪಟ್ಟಿ ಹೊಲಿಯುವವಳು. ಗಂಡ ಸತ್ತ ಮೇಲೆ ದೊಡ್ಡ ಮನಸ್ಸು ಮಾಡಿ ಕೊಟ್ಟ ಕೆಲಸ.

ಫೋಟೋದಲ್ಲಿ ಬ್ಯಾಂಡಿನ ನಾಲ್ಕು ಜನ ಸ್ಟ್ರೆಚರ್ ಹೊತ್ತು ನಡೀತಿದ್ದಾರೆ. ನಾಲ್ಕೂ ಎಡಗಾಲು ಒಂದೇ ಎತ್ತರಕ್ಕೆ ಎದ್ದಿವೆ. ಕೆಳಗೆ ಅಚ್ಚಾಗಿದೆ: “ಸಾವಿನ ಎದುರಿನಲ್ಲೂ ಹೆಜ್ಜೆ ತಪ್ಪದ ನಮ್ಮ ವಾದ್ಯಗಾರರು.” ಓದಿ ಮೈಯೆಲ್ಲ ಉರಿದುಹೋಯ್ತು.

ಯುದ್ಧ ಬಂದರೆ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ ಸ್ಟ್ರೆಚರ್ ಹೊರಬೇಕು. ಹೊರುವಾಗ ಹೆಜ್ಜೆ ಕೂಡಬಾರದು. ಎಲ್ಲರೂ ಒಟ್ಟಿಗೆ ಕಾಲಿಟ್ಟರೆ ಸ್ಟ್ರೆಚರ್ ತೊಟ್ಟಿಲ ಹಾಗೆ ತೂಗುತ್ತೆ, ಮಲಗಿದವನ ಗಾಯ ಕಿತ್ತುಬರುತ್ತೆ. ಬೇಕಂತಲೇ ಹೆಜ್ಜೆ ತಪ್ಪಿಸಿ ನಡೀಬೇಕು. ಜೀವಮಾನವಿಡೀ ತಾಳಕ್ಕೆ ನಡೆದ ಕಾಲುಗಳಿಗೆ ಅದು ಅಷ್ಟು ಸುಲಭಕ್ಕೆ ಬರುತ್ತಾ? ನಮ್ಮವರು ಮಂಚದ ಹಲಗೆಯ ಒಂದು ತುದಿ ನನ್ನ ಕೈಗೆ ಕೊಟ್ಟು ಅಡುಗೆಮನೆಯಿಂದ ಬಾಗಿಲವರೆಗೆ ಅಭ್ಯಾಸ ಮಾಡುತ್ತಿದ್ದರು. “ನೀನು ಎಡ, ನಾನು ಬಲ. ಅಯ್ಯೋ ಮಾರಾಯ್ತಿ, ಮತ್ತೆ ಕೂಡಿಬಿಡ್ತಲ್ಲೇ!” ಅಂತ ಹಲಗೆ ಕೆಳಗಿಟ್ಟು ಹೊಟ್ಟೆ ಹಿಡಕೊಂಡು ನಗೋರು. ಕೊನೆಗೆ ಕಲಿತರು. ಎಲ್ಲರೂ ಕಲಿತರು.

ಯುದ್ಧದಲ್ಲಿ ನಮ್ಮವರ ಹೊಟ್ಟೆಗೇ ಬಾಂಬಿನ ಚೂರು ಬಡಿಯಿತು. ಡಬ್ಬಣ್ಣ ಮತ್ತು ಇನ್ನೂ ಮೂವರು ಸರಿಯಾಗೇ ಹೊತ್ತು ತರ್ತಾ ಇದ್ದರು. ಹಾಳಾದ ಮಂತ್ರಿ ಆವತ್ತೇ ಬರಬೇಕಿತ್ತಾ, ಫೋಟೋದವನನ್ನ ಕಟ್ಟಿಕೊಂಡು! ಹಳೇ ಬ್ಯಾಂಡ್‌ಮಾಸ್ಟರ್‌ಗೆ ಮಾನ ಹೋದ ಹಾಗಾಯ್ತು. “ಏನ್ರೋ ಇದು, ಕುರಿಮಂದೆ ನಡೆದ ಹಾಗೆ? ಹೆಜ್ಜೆ ಕೂಡಿಸಿ! ಲೆಫ್ಟ್, ರೈಟ್!” ಅಂತ ಕೂಗಿ ಮುಂದೆ ತಾನೇ ನಡೆದ. ಹೊತ್ತವರು ಕೂಡಿಸಿದರು.

ಇದನ್ನ ನನಗೆ ಹೇಳಿದವನು ಬೇರೆ ಯಾರೂ ಅಲ್ಲ, ಇದೇ ಡಬ್ಬಣ್ಣ. ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. “‘ನಿಧಾನ ಕಣ್ರೋ, ನಿಧಾನ’ ಅಂತಲೇ ಇದ್ದ ಅತ್ತಿಗೆ. ಫೋಟೋ ಮುಗಿಯೋವರೆಗೂ ನಡೆಸಿದರು. ಅಲ್ಲಾಡಿಸದೆ ತಂದಿದ್ದರೆ ಉಳೀತಿದ್ದ ಅಂದ್ರು ಡಾಕ್ಟ್ರು.”

ಈಗ ಅದೇ ಬಾಯಲ್ಲಿ, “ಮುಖಪುಟಕ್ಕೆ ಇದೇ ಇರಲಿ ಅಂತ ಮೇಲಿನವರ ಆಸೆ ಅತ್ತಿಗೆ. ಪುಸ್ತಕ ನೀವೇ ಬಿಡುಗಡೆ ಮಾಡಬೇಕಂತೆ” ಅಂದ.

“ನಾಚಿಕೆ ಆಗಲ್ವೇನೋ ನಿನಗೆ?” ಅಂದೆ. “ಇದನ್ನ ತೆಗೆಸು. ಇಲ್ಲಾ, ಆದದ್ದನ್ನ ಆದ ಹಾಗೆ ಬರೆಸು. ಅವರು ಹೇಗೆ ಸತ್ತರು ಅಂತ ಒಂದೇ ಒಂದು ಸಾಲು. ಅಷ್ಟು ಸಾಕು ನನಗೆ.”

ಅವನು ಜರಿಪಟ್ಟಿ ಸವರಿಕೊಳ್ಳುತ್ತಾ ಕೂತ. ಆಮೇಲೆ, “ಆಯ್ತು ಅತ್ತಿಗೆ, ನಿಮ್ಮಾಣೆ, ಒಂದು ಸಾಲು ಹಾಕಿಸ್ತೀನಿ” ಅಂದ. ನಂಬಿದೆ. ಗಂಡನ ಗೆಳೆಯನನ್ನು ನಂಬದೆ ಇನ್ಯಾರನ್ನ ನಂಬಲಿ?

ಬಿಡುಗಡೆ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಹಳೇ ಬ್ಯಾಂಡ್‌ಮಾಸ್ಟರು, ಎದೆ ತುಂಬ ಪದಕ. ವೇದಿಕೆಯ ಪಕ್ಕದಲ್ಲೇ ಬ್ಯಾಂಡು, ಅದರ ಮುಂದೆ ಬ್ಯಾಂಡ್ ನಡೆಸುವ ಕೋಲು ಹಿಡಿದು ಡಬ್ಬಣ್ಣ. ಎಲ್ಲರ ಮೈಮೇಲೂ ನಾನು ಹೊಲಿದ ಕೋಟು. ನಾನು ರಿಬ್ಬನ್ ಬಿಚ್ಚಿ ಪುಸ್ತಕ ತೆರೆದು ನಮ್ಮವರ ಪುಟ ಹುಡುಕಿದೆ. ಒಂದು ಸಾಲು ಹಾಕಿಸಿದ್ದ, ಪುಣ್ಯಾತ್ಮ: “ಗೆಳೆಯರ ಹೆಜ್ಜೆಯ ತಾಳ ಕೇಳುತ್ತಾ ನೆಮ್ಮದಿಯಿಂದ ಕಣ್ಣು ಮುಚ್ಚಿದರು.”

ನೆಮ್ಮದಿಯಂತೆ! ಡಬ್ಬಣ್ಣನ ಕಡೆ ನೋಡಿದೆ. ಅವನು ತನ್ನ ಬೂಟು ನೋಡ್ಕೊಂಡು ನಿಂತಿದ್ದ.

“ಎರಡು ಮಾತಾಡಿ ಅಮ್ಮ” ಅಂತ ನಿರೂಪಕ ಮೈಕು ನನ್ನ ಬಾಯಿಗೆ ಹೊಂದಿಸಿದ. ಎರಡು ಮಾತು ತಾನೆ, ಆಡಿದೆ.

“ಇದು ಸುಳ್ಳು. ಹೆಜ್ಜೆ ಕೂಡಿಸಿದ್ದಕ್ಕೇ ನಮ್ಮವರು ಸತ್ತಿದ್ದು. ಆವತ್ತು ಅವರನ್ನ ಹೊತ್ತವನು ಅಲ್ಲೇ ನಿಂತಿದ್ದಾನೆ, ಬೇಕಾದ್ರೆ ಅವನನ್ನೇ...”

ಡಬ್ಬಣ್ಣನ ಕೈಯ ಕೋಲು ಮೇಲೆದ್ದಿತು. ಒಂದು ಗಳಿಗೆ ಅವನು ನನ್ನನ್ನೇ ನೋಡಿದ. ಕೋಲು ಕೆಳಗಿಳಿಯಿತು.

ಟ್ರಂಪೆಟ್ಟು, ಡ್ರಮ್ಮು, ಎಲ್ಲವೂ ಒಮ್ಮೆಲೇ ಮೊಳಗಿದವು. ನುಡಿಸಿದ್ದು ಸೈನ್ಯದ ಗೌರವಗೀತೆ. ಅದು ಶುರುವಾದರೆ ಎಲ್ಲರೂ ಎದ್ದು ನಿಲ್ಲಬೇಕು, ಯಾರೂ ತುಟಿ ಪಿಟಕ್ ಅನ್ನಬಾರದು. ಇಡೀ ಸಭೆ ಧಡಧಡ ಎದ್ದು ನೆಟ್ಟಗೆ ನಿಂತಿತು. ನಾನು ಗಂಟಲು ಹರಿಯೋ ಹಾಗೆ ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮುಂದಿನ ಸಾಲಿನ ಮುದಿ ಬ್ಯಾಂಡ್‌ಮಾಸ್ಟರ್ ಮಾತ್ರ ಏಳಲಾರದೆ ಕೂತಲ್ಲೇ ಸೆಲ್ಯೂಟ್ ಹೊಡೆದು, ಕಣ್ಣು ಮುಚ್ಚಿ, ಕಾಲಲ್ಲಿ ತಾಳ ಹಾಕುತ್ತಿದ್ದ.

ಗೀತೆ ಮುಗಿಯುವಷ್ಟರಲ್ಲಿ ಯಾರೋ ಮೈಕು ಎಳೆದುಕೊಂಡಿದ್ದರು. ನಿರೂಪಕ ಕರವಸ್ತ್ರದಿಂದ ಕಣ್ಣೊರೆಸಿಕೊಂಡ. “ದುಃಖದಲ್ಲಿ ಅಮ್ಮನಿಗೆ ಮಾತೇ ಹೊರಡಲಿಲ್ಲ” ಅಂದ. “ಅವರಿಗಾಗಿ ಇನ್ನೊಮ್ಮೆ ಜೋರಾಗಿ ಚಪ್ಪಾಳೆ!”