ಮುತ್ತಿಲ್ಲದ ವಾರ

ಈಸ್ಟರ್ ಹಬ್ಬದ ಹಿಂದಿನ ಯೋಬನ ಬುಧವಾರ ಬಂತೆಂದರೆ ದಮಿಯಾನಾಳಿಗೆ ಇವತ್ತಿಗೂ ಹಿತ್ತಿಲಿನ ಆ ತಾಮ್ರದ ಹಂಡೆಯೇ ಕಣ್ಣಿಗೆ ಕಟ್ಟುತ್ತದೆ. ಮೈತುಂಬ ಹುಣ್ಣಾಗಿದ್ದ ಬೈಬಲಿನ ಯೋಬ ಯಾವ ಸೊಪ್ಪಿನಿಂದ ಮೈ ತೊಳೆದು ವಾಸಿಯಾದನೆನ್ನುತ್ತಾರೋ, ಅದನ್ನೇ ಅಜ್ಜಿ ಅಫೀಫಾ ನೈಲ್ ದಂಡೆಯಿಂದ ಕಿತ್ತು ತಂದು ಮೊಮ್ಮಗಳ ಬೆನ್ನುಜ್ಜುತ್ತಿದ್ದಳು.

"ಅಜ್ಜೀ, ಉರೀತದೆ!"

"ಉರೀಲಿ. ಯೋಬ ನಿನ್ನಷ್ಟು ಕಿರುಚಿರಲಿಲ್ಲ."

ಬೇರೆ ದಿನಗಳಲ್ಲಿ ಸ್ನಾನ ಮುಗಿದ ಮೇಲೆ ಕೆನ್ನೆಗೊಂದು ಮುತ್ತು ಸಿಗುತ್ತಿತ್ತು. ಆ ಬುಧವಾರದಿಂದ ಹಬ್ಬದವರೆಗೆ ಅದಿಲ್ಲ. ಶಿಷ್ಯ ಯೂದ ತನ್ನ ಗುರು ಕ್ರಿಸ್ತನನ್ನು ಮುತ್ತಿಟ್ಟೇ ಹಿಡಿದುಕೊಟ್ಟ ವಾರವದು; ಊರಿನ ಕ್ರೈಸ್ತರಲ್ಲಿ ತಾಯಿ ಮಗುವಿಗೂ ಮುತ್ತಿಡುತ್ತಿರಲಿಲ್ಲ. ಅಜ್ಜಿಯಂತೂ ಈ ವಿಷಯದಲ್ಲಿ ಕಲ್ಲು.

ಅಂಥದೊಂದು ಬುಧವಾರ, ದಮಿಯಾನಾಳ ಸ್ನಾನದ ಹೊತ್ತಿಗೇ, ಅಜ್ಜಿಯ ಮಗಳು ನರ್ಗಿಸತ್ತೆ ಬಂದಳು. ಮನೆಯವರು ನೋಡಿದ ಗಂಡನ್ನು ಒಲ್ಲೆನೆಂದು ಜಗಳವಾಡಿ, ದಮಿಯಾನಾ ಹುಟ್ಟುವ ಮೊದಲೇ ಅಲೆಕ್ಸಾಂಡ್ರಿಯಾಕ್ಕೆ ಹೋದವಳು. ಈ ಹೊಸ್ತಿಲು ತುಳಿಯಬೇಡವೆಂದು ಅಂದಿದ್ದವಳು ಅಜ್ಜಿಯೇ. ಆದರೆ ಪ್ರತಿ ಹಬ್ಬಕ್ಕೂ ಬಿಸಿಲಲ್ಲಿ ಉಬ್ಬಿಸಿದ ಹಿಟ್ಟಿನ ರೊಟ್ಟಿ ಸುಟ್ಟಾಗ ಅಜ್ಜಿ ಒಂದನ್ನು ಬೇರೆ ಎತ್ತಿಡುವುದನ್ನೂ, ಅದು ಒಣಗಿ ಕಲ್ಲಾದ ಮೇಲೆ ಕೋಳಿಗಳಿಗೆ ಹಾಕುವುದನ್ನೂ ದಮಿಯಾನಾ ನೋಡಿದ್ದಳು. ಯಾರಿಗೆಂದು ಕೇಳಲು ಧೈರ್ಯವಾಗಿರಲಿಲ್ಲ.

"ಅಮ್ಮಾ" ಎನ್ನುತ್ತಾ ನರ್ಗಿಸ್ ಕೆನ್ನೆಗೆ ಬಾಗಿದಳು. ಅಜ್ಜಿ ಸರಕ್ಕನೆ ಮುಖ ಹಿಂದಕ್ಕೆಳೆದುಕೊಂಡಳು.

"ಇನ್ನೂ ಇಳಿದಿಲ್ವೇನಮ್ಮ ಸಿಟ್ಟು?"

"ಬುಧವಾರ ಕಣೇ ಇವತ್ತು. ಅದೂ ಮರ್ತುಹೋಯ್ತಾ?"

"ನಿಂಗೆ ಯಾವಾಗ್ಲೂ ಒಂದು ನೆಪ ಸಿಗತ್ತೆ." ನರ್ಗಿಸ್ ಚೀಲ ಎತ್ತಿಕೊಂಡಳು. "ಸಂಜೆ ರೈಲಿಗೇ ಹೋಗ್ತೀನಿ. ಇನ್ನು ಬರಲ್ಲ."

"ಅತ್ತೇ, ನಂಗೂ ಇಲ್ಲ ಮುತ್ತು! ಯಾರಿಗೂ ಇಲ್ಲ!" ಟವೆಲ್ ಸುತ್ತಿಕೊಂಡು ದಮಿಯಾನಾ ಕೂಗಿದಳು. ಅತ್ತೆ ತಿರುಗಲಿಲ್ಲ. ಬಾಗಿಲು ದಾಟಿಯೇಬಿಟ್ಟಳು.

ಅಜ್ಜಿ ಒದ್ದೆ ಕೈಯಲ್ಲೇ ಓಡಿದಳು. ಮಗಳ ತಲೆವಸ್ತ್ರ ಹಿಡಿದು ಜಗ್ಗಿ, ಮುಖ ತನ್ನ ಕಡೆ ತಿರುಗಿಸಿ, ಆ ಕೆನ್ನೆಗೆ, ಈ ಕೆನ್ನೆಗೆ, ಹಣೆಗೆ ಮುತ್ತಿಟ್ಟಳು. ನರ್ಗಿಸತ್ತೆಯ ಮುಖದ ತುಂಬ ಯೋಬನ ಸೊಪ್ಪು.

"ಎಲ್ಲಿಗೆ ಹೋಗ್ತೀಯೇ? ಬೇಳೆ ಬೆಂದಿದೆ. ಉಣ್ಣು ಬಾ."

ಮರುದಿನ ಇಗರ್ಜಿಯಲ್ಲಿ ಅಜ್ಜಿ ಪರಮಪ್ರಸಾದದ ಸಾಲಿಗೆ ಸೇರಲಿಲ್ಲ. ಅವಳ ಕಪ್ಪು ನಿಲುವಂಗಿ ಹಿಡಿದು ದಮಿಯಾನಾಳೂ ಗೋಡೆಗಂಟಿ ನಿಂತಳು. ಊರೆಲ್ಲ ಅಬೂನಾ ಎನ್ನುತ್ತಿದ್ದ ಮುದಿ ಪಾದ್ರಿ ಬಿಸೆಂತಿ ತಾವೇ ಹತ್ತಿರ ಬಂದರು.

"ನಿನ್ನೆ ಮಗಳಿಗೆ ಮುತ್ತಿಟ್ಟೆ, ಅಬೂನಾ. ಬೇಕಂತಲೇ ಇಟ್ಟೆ. ತಪ್ಪಾಯ್ತು ಅನ್ನೋಕೂ ಬಾಯಿ ಬರ್ತಿಲ್ಲ."

ಅಬೂನಾ ಗಡ್ಡ ಕೆರೆದುಕೊಂಡರು. "ಯೂದ ಮುತ್ತಿಟ್ಟಿದ್ದು ಹಿಡಿದುಕೊಡೋಕೆ. ನೀನು?"

"ಹಿಡ್ಕೊಳ್ಳೋಕೆ."

"ಮತ್ತೆ ಅವನ ಪಾಪ ನೀನ್ಯಾಕಮ್ಮ ಹೊತ್ಕೊಂಡು ಬಂದೆ? ಸುಳ್ಳು ಪ್ರೀತಿ ಬೇಡ ಅಂತ ತಾನೇ ಈ ನಿಯಮ ಇರೋದು? ಹೋಗು, ಸಾಲಲ್ಲಿ ನಿಲ್ಲು."

ಅಜ್ಜಿ ಮೂಗೊರೆಸಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು.

ಆ ವರ್ಷದ ಹಬ್ಬದಲ್ಲಿ ಕೋಳಿಗಳಿಗೆ ರೊಟ್ಟಿ ಸಿಗಲಿಲ್ಲ.